ಪ್ರೆಸ್ಸಿಗೆ ಬೆಳಕಿನ ಕಾವಲು

ಮಾರ್ಚ್ 4, ಮಂಗಳವಾರ
ಮತ್ತೆ ಲೆನ್ಸ್ ಒರೆಸುವ ಕೆಲಸ. ಫ್ಯಾಕ್ಟರಿಯಲ್ಲಿ ತಗಡು ಒತ್ತುವ ಎರಡನೇ ಪ್ರೆಸ್ಸಿನ ಸೆನ್ಸರ್ ಮೇಲೆ ಎಣ್ಣೆ, ಧೂಳು. ಹೆಸರಿಗೆ ಎಲೆಕ್ಟ್ರಿಷಿಯನ್, ಕೈಯಲ್ಲಿ ಸದಾ ಬಟ್ಟೆ ಚೂರು. ಇರಲಿ, ಆ ಪ್ರೆಸ್ಸಿಗೆ ತಗಡು ಇಡುವವಳು ನನ್ನ ತಂಗಿ ಪುಟ್ಟಿ.

"ಅಕ್ಕಾ, ಇಷ್ಟು ಸಣ್ಣ ಬೆಳಕು ಅಷ್ಟು ದೊಡ್ಡ ಮೆಷಿನ್ನ ಹೆಂಗೆ ನಿಲ್ಸತ್ತೆ?"

ಹೇಳಿದೆ. ಬೆಳಕು ಬಿದ್ದರೆ ಸೆನ್ಸರ್ ಒಳಗಿನ ಎಲೆಕ್ಟ್ರಾನ್‌ಗಳು ಎದ್ದು ಓಡುತ್ತವೆ, ಕರೆಂಟ್ ಹರಿಯುತ್ತದೆ. ನಿನ್ನ ಕೈ ಅಡ್ಡ ಬಂತೋ— ಬೆಳಕಿಲ್ಲ, ಕರೆಂಟಿಲ್ಲ, ಪ್ರೆಸ್ ಇಳಿಯುವುದಿಲ್ಲ. ನೂರು ವರ್ಷದ ಹಿಂದೆ ವಿಜ್ಞಾನಿಗಳ ತಲೆ ಕೆಡಿಸಿದ ವಿಷಯ, ಈಗ ನಿನ್ನ ಬೆರಳು ಕಾಯುತ್ತಿದೆ.

"ಹಂಗಾದ್ರೆ ಭಯ ಇಲ್ಲ ಬಿಡು" ಅಂದಳು.

ಮಾರ್ಚ್ 9, ಭಾನುವಾರ
ಇವರು ಟೀ ಕುಡಿಯುತ್ತಾ ಸೆನ್ಸರ್ ಬಗ್ಗೆ ಕೇಳಿದರು. ಸೂಪರ್‌ವೈಸರ್ ಸಾಹೇಬರಿಗೆ ಹೆಂಡತಿಯ ಕೆಲಸದಲ್ಲಿ ಆಸಕ್ತಿ! ಉಬ್ಬಿಹೋದೆ.

"ಅದನ್ನ ಯಾಮಾರಿಸೋಕಾಗತ್ತಾ?"

ಆಗುತ್ತದೆ. ಅದು ಬಿಟ್ಟ ಬೆಳಕು ಎದುರಿನ ರಿಫ್ಲೆಕ್ಟರ್‌ಗೆ ಬಡಿದು ವಾಪಸು ಬರಬೇಕು. ರಿಫ್ಲೆಕ್ಟರ್ ಚೂರನ್ನು ಸೆನ್ಸರಿನ ಮೂತಿಗೇ ಅಂಟಿಸಿದರೆ ಮುಗಿಯಿತು, ಯಾವ ಕೈಯೂ ಅದಕ್ಕೆ ಕಾಣಿಸದು. ಸೈಕಲ್ಲಿನ ಹಳೇ ರಿಫ್ಲೆಕ್ಟರ್ ಹಿಡಿದು ತೋರಿಸಿದೆ ಬೇರೆ.

"ಪುಟ್ಟಿ ಪ್ರೆಸ್ ಸುಮ್‌ಸುಮ್ನೆ ನಿಲ್ಲತ್ತೆ, ಟಾರ್ಗೆಟ್ ಆಗ್ತಿಲ್ಲ" ಅಂದರು. ನಾಳೆ ಇನ್ನೊಮ್ಮೆ ಒರೆಸುತ್ತೇನೆ ಅಂದೆ.

ಮಾರ್ಚ್ 21
ಪೆನ್ನು ಹಿಡಿಯಲು ಆಗಿರಲಿಲ್ಲ. ಪುಟ್ಟಿಯ ಬಲಗೈಯ ಮೂರು ಬೆರಳು ಹೋದವು. ಪ್ರೆಸ್ ನಿಲ್ಲಲಿಲ್ಲ. "ಬೆಳಕಿತ್ತಲ್ಲಕ್ಕಾ..." ಅದೊಂದೇ ಮಾತು ಅವಳದು.

ಇವರು ಅವಳ ತಲೆ ಸವರಿ ಅತ್ತರು. ಮ್ಯಾನೇಜರ್‌ಗೆ ಮಾತ್ರ, "ಲೆನ್ಸಿನಲ್ಲಿ ಧೂಳಿತ್ತು, ನನ್ನ ಹೆಂಡತಿ ಒರೆಸಿರಲಿಲ್ಲ" ಅಂದಿದ್ದಾರಂತೆ.

ಮಾರ್ಚ್ 22
ಧೂಳಿದ್ದರೆ ಬೆಳಕೇ ವಾಪಸು ಬಾರದೆ ಪ್ರೆಸ್ ನಿಲ್ಲಬೇಕಿತ್ತು. ನಿಲ್ಲಲಿಲ್ಲ ಅಂದರೆ... ಹೋಗಿ ನೋಡಿದೆ. ಸೆನ್ಸರಿನ ಮೂತಿಯ ಸುತ್ತ ಏನೋ ಅಂಟಿಸಿ ಕಿತ್ತ ಗೋಂದು. ಮುಟ್ಟಿದರೆ ಇನ್ನೂ ಅಂಟುತ್ತದೆ.

ಮನೆಗೆ ಬಂದು ಕೇಳಿದೆ. ಇಲ್ಲ ಅನ್ನಲಿಲ್ಲ. "ಮನೆ ಮಾತು ಮನೇಲಿರ್ಲಿ. ನಿಂಗಾದ್ರೆ ಬರೀ ವಾರ್ನಿಂಗು, ನಂಗೆ ಜೈಲು" ಅಂದ.

ನಂಬಿಸಿ ಕತ್ತು ಕುಯ್ದ. ನಾನು ಹೇಳಿಕೊಟ್ಟಿದ್ದನ್ನೇ ನನ್ನ ತಂಗಿಯ ಮೇಲೆ ಮಾಡಿದ.

ಮಾರ್ಚ್ 24, ಬೆಳಿಗ್ಗೆ
ಮ್ಯಾನೇಜರ್ ಎದುರಿಗೇ ಪ್ರೆಸ್ ಚಾಲೂ ಮಾಡಿಸಿದೆ. ಲೆನ್ಸಿಗೆ ಎಣ್ಣೆ ಮೆತ್ತಿದೆ— ಪ್ರೆಸ್ ಇಳಿಯಲಿಲ್ಲ. ಒರೆಸಿ, ನನ್ನ ಕೈ ಇಟ್ಟೆ— ಇಳಿಯಲಿಲ್ಲ. ಆಮೇಲೆ ರಿಫ್ಲೆಕ್ಟರ್ ಚೂರು ಅಂಟಿಸಿ, ಪಕ್ಕದಲ್ಲಿದ್ದ ಗಂಡನ ಕಡೆ ತಿರುಗಿ, "ಈಗ ನೀವು ಇಡಿ" ಅಂದೆ.

ಅವನ ಎರಡೂ ಕೈ ಬೆನ್ನ ಹಿಂದೆ ಹೋದವು. ಎಲ್ಲರೂ ನೋಡಿದರು.

ಸಂಜೆ, ಆಸ್ಪತ್ರೆ
ಪುಟ್ಟಿಗೆ ಇನ್ನೂ ಯಾರೂ ಹೇಳಿಲ್ಲ. ಅಪ್ಪ ಹೋದ ಮೇಲೆ ಅವಳನ್ನು ಓದಿಸಿದವನು, ಕೆಲಸ ಕೊಡಿಸಿದವನು ಅವನೇ. ಎಡಗೈಯಲ್ಲಿ ನನ್ನ ಕೈ ಹಿಡಿದುಕೊಂಡು ಕೇಳಿದಳು.

"ಭಾವ ಯಾಕಕ್ಕಾ ಬರ್ಲಿಲ್ಲ? ಅವ್ರು ಪಕ್ಕದಲ್ಲಿದ್ರೆ ನಂಗೆ ಧೈರ್ಯ."

ಈಗ ಮಲಗಿದ್ದಾಳೆ. ಎದ್ದ ಕೂಡಲೇ ಹೇಳಬೇಕು. ಹೇಗೆ ಶುರು ಮಾಡಲಿ ಅಂತ ಇಲ್ಲಿ ಬರೆದು ನೋಡುತ್ತಿದ್ದೇನೆ. ಪುಟ್ಟಿ, ನಿನ್ನ ಭಾವ—