ಅಟ್ಯಾಕಿಗೆ ಒಬ್ಬನನ್ನು ಆರಿಸಬೇಕಂತೆ

ಭಾವಮೈದ ಸೀನನಿಗೆ,

ಬರೆಯುವುದು ನನ್ನ ಕೆಲಸವಲ್ಲ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟು ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕಿದವನು ನಾನು. ಆದರೂ ನಿನ್ನ ಹೆಂಡತಿ ಬಿಡಲಿಲ್ಲ. ಹೋದ ಭಾನುವಾರ ಸಿಡ್ನಿಯ ಬ್ಲ್ಯಾಕ್‌ಟೌನಿನ ನಿಮ್ಮ ಮನೆಗೆ ಹೋಗಿದ್ದಾಗ ಎಂದಿನಂತೆ ನಿನ್ನ ಫೋಟೋದ ಮುಂದೆ ನಿಂತು ಕೂಗಾಡುತ್ತಿದ್ದೆ. ಲೀಲಾ ಅಡುಗೆಮನೆಯಿಂದ ಬಂದು ಕೈಗೆ ಪೆನ್ನು ತುರುಕಿದಳು. "ಅಣ್ಣ, ಹೇಳೋದನ್ನ ಪೇಪರಲ್ಲಿ ಬರಿ. ಪಕ್ಕದ ಮನೆಯವರು ಪೊಲೀಸಿಗೆ ಫೋನ್ ಮಾಡ್ತಾರೆ" ಅಂದಳು. ತಂಗಿ ಅಂತ ಸುಮ್ಮನಾದೆ. ಬೇರೆ ಯಾರಾದರೂ ಆಗಿದ್ದರೆ...

ವಿಷಯ ಇಷ್ಟೇ. ನೀನು ಹೋದ ಮೇಲೆ ನಮ್ಮ ಫುಟ್‌ಬಾಲ್ ಟೀಮು ನಾಲ್ಕು ಮ್ಯಾಚು ಆಡಿದೆ. ಬಂದದ್ದು ಒಂದೇ ಗೋಲು, ಅದೂ ಎದುರು ಟೀಮಿನ ಬ್ಯಾಕ್ ತಾನೇ ತನ್ನ ಬಲೆಗೆ ತಳ್ಳಿಕೊಂಡದ್ದು. ಹೆಡ್ ಕೋಚಾದ ನನಗೆ ಡಿಫೆನ್ಸ್ ಬಿಟ್ಟು ಬೇರೇನೂ ತಿಳಿಯದು ಅಂತ ಕ್ಲಬ್ಬಿನ ಕಮಿಟಿಯವರು ನನ್ನ ಮುಖಕ್ಕೇ ಹೇಳಿದರು. ನಿನ್ನ ಕೆಲಸಕ್ಕೆ, ಅಂದರೆ ಅಟ್ಯಾಕ್ ನೋಡಿಕೊಳ್ಳುವುದಕ್ಕೆ, ಒಬ್ಬ ಕೋಚನ್ನು ನಾನೇ ಆರಿಸಬೇಕಂತೆ. ಹದಿನೈದನೇ ತಾರೀಖಿನ ಮೀಟಿಂಗಿನಲ್ಲಿ ಹೆಸರು ಕೊಡದಿದ್ದರೆ ನನ್ನನ್ನೂ ತೆಗೆಯುತ್ತಾರಂತೆ. ಬಸ್ ಡಿಪೋದಿಂದ ರಿಟೈರ್ ಆಗಿದ್ದೇನೆ, ಈ ಟೀಮೂ ಹೋದರೆ ವಾರವೆಲ್ಲ ನಾನು ಏನು ಮಾಡಲಿ? ಶಾಪಿಂಗ್ ಸೆಂಟರಿನ ಬೆಂಚಿನ ಮೇಲೆ ಕೂತು ಹೋಗುವವರನ್ನು ಎಣಿಸಲೆ?

ನಮ್ಮ ಮೊದಲ ವರ್ಷದ ಆ ಮ್ಯಾಚು ನೆನಪಿದೆಯೆ? ಲೈನಿನ ಪಕ್ಕ ನಿಂತು ನೀನು ನನಗೆ ಕನ್ನಡದಲ್ಲಿ ಬೈಯುತ್ತಿದ್ದೆ. "ಎಲ್ಲರನ್ನೂ ಹಿಂದೆ ನಿಲ್ಸಿದೀಯಲ್ಲೋ ಭಾವ, ಇದೇನು ಫುಟ್‌ಬಾಲಾ, ಬಸ್ ಕ್ಯೂನಾ?" ಅಂದೆ. ನಾನು ನಿನ್ನ ವಂಶವನ್ನೆಲ್ಲ ಎಳೆದು ತಂದೆ. ಹುಡುಗರು ನಾವು ಪ್ಲಾನ್ ಹಾಕುತ್ತಿದ್ದೇವೆ ಅಂದುಕೊಂಡಿದ್ದರು. ಕ್ರೊಯೇಷಿಯಾದ ನಮ್ಮ ಗೋಲ್ ಕೀಪರ್ ಬಂದು ಕೋಚ್ ಏನು ಹೇಳಿದರು ಅಂತ ಕೇಳಿದ. ನೀನು ಒಂದಿಷ್ಟೂ ನಗದೆ, ಎಡಗಡೆಯಿಂದ ನುಗ್ಗಿ ಅಂದರು ಅಂತ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ನಾನು ಹಾಗೆ ಯಾವಾಗ ಹೇಳಿದ್ದೆ? ಎಡಗಡೆಯಿಂದಲೇ ಗೋಲು ಬಂತು. ಅವತ್ತಿನಿಂದ ಅದೇ ನಮ್ಮ ಪದ್ಧತಿಯಾಯಿತು. ಜಗಳ ಕನ್ನಡದಲ್ಲಿ, ಆಮೇಲೆ ಅರ್ಧ ನಿನ್ನದು ಅರ್ಧ ನನ್ನದು ಸೇರಿಸಿ ನೀನು ಅವರಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ನಾನು ಸೋತದ್ದು ಒಬ್ಬರಿಗೂ ತಿಳಿಯುತ್ತಿರಲಿಲ್ಲ.

ಈಸ್ಟರ್ ರಜೆಗೆ ಮೆಲ್ಬರ್ನಿಗೆ ಟೂರ್ನಮೆಂಟಿಗೆ ಹೋದದ್ದನ್ನೂ ಬರೆಯಲೇಬೇಕು. ಫೈನಲ್ಲು. ನಮ್ಮದು ಒಂದು ಗೋಲು ಮುಂದಿತ್ತು, ಇನ್ನು ಇಪ್ಪತ್ತು ನಿಮಿಷ. ಫಾರ್ವರ್ಡನ್ನು ತೆಗೆಯಬೇಡ ಅಂತ ನೀನು ನನ್ನ ತೋಳು ಹಿಡಿದುಕೊಂಡೆ. ನಾನು ಕೊಡವಿಕೊಂಡು ಅವನನ್ನು ಹೊರಗೆ ಕರೆದೆ, ಡಿಫೆನ್ಸಿಗೆ ಐದನೇ ಬ್ಯಾಕನ್ನು ಒಳಗೆ ಕಳಿಸಿದೆ. ಅವರು ಎರಡು ಹೊಡೆದರು. ಸಿಡ್ನಿಯವರೆಗೂ ವ್ಯಾನಿನಲ್ಲಿ ನೀನು ಒಂದು ಮಾತೂ ಆಡಲಿಲ್ಲ. ನಡುದಾರಿಯ ಆಲ್ಬರಿಯಲ್ಲಿ ನಿಲ್ಲಿಸಿದಾಗ ನನಗೂ ಟೀ ತಂದುಕೊಟ್ಟೆ, ಅಷ್ಟೇ. ಬೈದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ. ನೀನೇ ಶುರು ಮಾಡಲಿ ಅಂತ ಕಾದೆ. ಆರು ವಾರಕ್ಕೆ ನಿನ್ನ ಹಾರ್ಟು ನಿಂತಿತು. ಆ ಫಾರ್ವರ್ಡನ್ನು ತೆಗೆದದ್ದು ನನ್ನ ತಪ್ಪು ಸೀನ. ಹೆದರಿಕೊಂಡಿದ್ದೆ. ಬರೆದಿದ್ದೇನೆ, ನೋಡಿಕೋ.

ಈಗ ಮುಂದಿರುವುದು ಇಬ್ಬರು. ಮೈಸೂರಿನ ಇಂಜಿನಿಯರ್ ಪ್ರಭಾಕರ ಒಬ್ಬ. ಒಳ್ಳೆಯವನು, ಕನ್ನಡದವನು, ಕಾಲೇಜ್ ಟೀಮಿನಲ್ಲಿ ಆಡಿದ್ದಾನೆ. ಮೊನ್ನೆ ಮನೆಗೆ ಬಂದಿದ್ದ. ನಾನು ಏನು ಹೇಳಿದರೂ ಸರಿ ಅಂಕಲ್, ಸರಿ ಅಂಕಲ್. ಪರೀಕ್ಷೆ ಮಾಡೋಣ ಅಂತ, ಗೋಲ್ ಕೀಪರನ್ನೇ ಫಾರ್ವರ್ಡ್ ಆಡಿಸೋಣ ಅಂದೆ. "ಟ್ರೈ ಮಾಡಬಹುದು ಅಂಕಲ್" ಅಂದು ಡೈರಿಯಲ್ಲಿ ಬರೆದುಕೊಂಡ. ಇಂಥವನ ಜೊತೆ ನಾನು ಯಾವ ಕನ್ನಡ ಮಾತಾಡಲಿ?

ಇನ್ನೊಬ್ಬ ಯಾರು ಗೊತ್ತೆ? ಮೆಲ್ಬರ್ನಿನಲ್ಲಿ ನಮ್ಮನ್ನು ಸೋಲಿಸಿದ ಟೀಮಿನ ಕೋಚ್, ಮಾಲ್ಟಾದ ಆ ದಪ್ಪ ಮೀಸೆಯ ಜೋ. ಹೆಂಡತಿಗೆ ಇಲ್ಲಿ ಕೆಲಸ ಸಿಕ್ಕಿತು ಅಂತ ಸಿಡ್ನಿಗೆ ಬಂದಿದ್ದಾನೆ, ತಾನಾಗಿಯೇ ಬಂದು ಕೇಳಿದ. ಅವನಿಗೆ ಆಟ ಗೊತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅವನ ಜೊತೆ ಜಗಳ ಇಂಗ್ಲಿಷಿನಲ್ಲೇ ಆಗಬೇಕು, ಎಲ್ಲರಿಗೂ ಕೇಳುವ ಹಾಗೆ. ನನ್ನ ಇಂಗ್ಲಿಷು ಬಸ್ ಡಿಪೋದಲ್ಲಿ ಸ್ಪ್ಯಾನರ್ ಕೇಳುವುದಕ್ಕೆ ಸಾಕು. ಕೋಪ ಇನ್ನೂ ಮುಗಿದಿರುವುದಿಲ್ಲ, ಮಾತು ಮುಗಿದಿರುತ್ತದೆ. ಹುಡುಗರ ಮುಂದೆ ಬಾಯಿ ತೆರೆದು ನಿಂತುಬಿಟ್ಟರೆ... ಕೂತರೂ ನಿಂತರೂ ಇದೇ ಯೋಚನೆ.

ಮಂಗಳವಾರ ಟ್ರೇನಿಂಗಿಗೆ ಜೋನನ್ನು ಕರೆದಿದ್ದೆ. ನಾನು ಆಟಗಾರರನ್ನು ನಿಲ್ಲಿಸಿದ್ದನ್ನು ನೋಡಿ, ಹೀಗೆ ನಿಂತರೆ ನಾಳೆಯೂ ನಿಮ್ಮನ್ನು ಸೋಲಿಸುತ್ತೇನೆ ಅಂತ ಎಲ್ಲರ ಎದುರಿಗೇ ಅಂದ. ನನಗೆ ತಡೆಯಲಾಗಲಿಲ್ಲ. ಕನ್ನಡದಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಅವನು ಕೈಕಟ್ಟಿಕೊಂಡು ಕೇಳಿದ. ಆಮೇಲೆ, "ಮುಗೀತಾ ಮೇಟ್? ಈಗ ನನಗೆ ಅರ್ಥ ಆಗೋ ಹಾಗೆ ಹೇಳು" ಅಂದ.

ಹೇಳಿದೆ ಸೀನ. ಕೈಯಲ್ಲಿ ಹೇಳಿದೆ, ಮುರುಕು ಇಂಗ್ಲಿಷಿನಲ್ಲಿ ಹೇಳಿದೆ, ಸಾಲದ್ದಕ್ಕೆ ಶೂವಿನಿಂದ ಕೆಸರಿನಲ್ಲಿ ಗೆರೆ ಎಳೆದೆ. ಅವನು ತನ್ನ ಶೂವಿನಿಂದ ಅರ್ಧ ಗೆರೆ ಅಳಿಸಿ ಬೇರೆ ಎಳೆದ. ನಾನು ಅದನ್ನು ಅಳಿಸಿದೆ. ಅರ್ಧ ಗಂಟೆ ಇದೇ ನಡೆಯಿತು. ಒಬ್ಬನೂ ನಗಲಿಲ್ಲ. ಇಷ್ಟು ವರ್ಷ ನೀವಿಬ್ಬರೂ ಮಾಡುತ್ತಿದ್ದುದು ಇದನ್ನೇನಾ ಅಂತ ಗೋಲ್ ಕೀಪರ್ ಕೇಳಿದ. ಹೌದು ಅಂದೆ.

ಜೋ ಹೆಸರನ್ನೇ ಕೊಡುತ್ತೇನೆ. ಅಟ್ಯಾಕ್ ಅವನದು, ಕೊನೆಯ ಇಪ್ಪತ್ತು ನಿಮಿಷ ಯಾರನ್ನು ಹೊರಗೆ ಕರೆಯಬೇಕು ಅನ್ನುವುದೂ ಅವನದೇ. ಅದನ್ನೂ ಕಮಿಟಿಗೆ ಬರೆದುಕೊಡುತ್ತೇನೆ. ನಿನಗೆ ಒಪ್ಪಿಗೆ ಇಲ್ಲದಿದ್ದರೆ ಹದಿನಾಲ್ಕನೇ ತಾರೀಖು ಶುಕ್ರವಾರ ಸಂಜೆಯೊಳಗೆ ನನಗೆ ತಿಳಿಸು. ಉತ್ತರ ಬೇಕು.