ಎರಡನೆಯ ಹಲಗೆ

ತಿರುಪ್ಪೂರು
16-3-2006, ಗುರುವಾರ

ಗಣಪತಿಯ ಪಂಪು ವರ್ಕ್‌ಶಾಪಿನಲ್ಲಿ ಲೇತಿನ ಮುಂದೆ ವಿರಾಜಮಾನನಾಗಿರುವ ಮಹಾಮಹಿಮ ಮೆಲ್ವಿನಣ್ಣನ ಗ್ರೀಸು ಮೆತ್ತಿದ ಪಾದಗಳಿಗೆ, ತಂಗಿ ಜಾಸ್ಮಿನ್ ಮೂಗು ಮುಚ್ಚಿಕೊಂಡು ಮಾಡುವ ನಮಸ್ಕಾರಗಳು.

ಅಮ್ಮನ ಕೆಲಸ ಹೋಯಿತು. ಇನ್ಯಾರದೋ ಬಾಯಿಂದ ನಿನಗೆ ಮುಟ್ಟುವ ಮೊದಲು ಅಧಿಕೃತ ವರದಿ ನನ್ನಿಂದಲೇ ಹೋಗಲಿ ಅಂತ ಈ ಕಾಗದ. ಅಮ್ಮ ಪಕ್ಕದಲ್ಲೇ ಕೂತಿದ್ದಾಳೆ. ಪ್ರತಿ ಸಾಲೂ ಅವಳ ಕಣ್ಣು ದಾಟಿಯೇ ಹೋಗಬೇಕು ಅಂತ ಆಜ್ಞೆಯಾಗಿದೆ.

ಮೊದಲು ಹಿನ್ನೆಲೆ. ಜನವರಿಯಲ್ಲಿ ಅಮ್ಮನಿಗೆ ಚಳಿಜ್ವರ ಬಂದದ್ದು ನಿನಗೆ ಗೊತ್ತು. ಉರಿಮೂತ್ರದ ಸೋಂಕು ಕಿಡ್ನಿಗೆ ಏರಿದೆ, ಚೆನ್ನಾಗಿ ನೀರು ಕುಡೀಬೇಕು, ಬಂದಾಗ ತಡೆದುಕೊಳ್ಳಬಾರದು, ಇನ್ನೊಂದು ಸಲ ಹೀಗಾದರೆ ನಾನು ಭರವಸೆ ಕೊಡಲಾರೆ ಅಂತ ಡಾಕ್ಟರಮ್ಮ ಅಂದದ್ದು ನಿನಗೆ ಗೊತ್ತಿಲ್ಲ. ಹೇಳಬೇಡ ಅಂತ ಅಮ್ಮ ಅಂದಿದ್ದಳು. ಇವತ್ತು ಪರ್ಮಿಷನ್ ಸಿಕ್ಕಿದೆ.

ನಮ್ಮ ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಲೈನಿನ ಅಷ್ಟೂ ಹೆಂಗಸರಿಗೆ ಒಂದೇ ಹಲಗೆ. ಸೂಪರ್‌ವೈಸರ್ ಸೆಂದಿಲ್ ಕುಮಾರ್ ಮೇಜಿನ ಪಕ್ಕದ ಮೊಳೆಯಲ್ಲಿ ತೂಗುತ್ತಿರುತ್ತದೆ. ಕಕ್ಕಸಿಗೆ ಹೋಗುವವಳು ಅದನ್ನು ಕೊರಳಿಗೆ ಹಾಕಿಕೊಂಡು, ಬಹುಮಾನ ಗೆದ್ದ ಎಮ್ಮೆಯ ಹಾಗೆ ಎಲ್ಲರೆದುರು ನಡೆದು ಹೋಗಬೇಕು. ಹಲಗೆ ಇಲ್ಲದೆ ಎದ್ದರೆ ಬೈಗುಳ. ಮೇಲಿಂದ ಮೇಲೆ ತೆಗೆದುಕೊಂಡರೆ ಅದಕ್ಕಿಂತ ಕೆಟ್ಟದ್ದು: ಇವಳಿಗೆ ವಯಸ್ಸಾಯ್ತು ಅಂತ ಲೆಕ್ಕ. ಐವತ್ತು ದಾಟಿದವರನ್ನು ಇಟ್ಟುಕೊಳ್ಳೋದಿಲ್ಲ. ಐವತ್ತೆಂಟರ ನಮ್ಮ ಅಮ್ಮ ರಾಜಮ್ಮನವರು ಅಲ್ಲಿ ನಲವತ್ತೇಳರ ಯುವತಿ. ಅದಕ್ಕೇ ನೀರೇ ಮುಟ್ಟುತ್ತಿರಲಿಲ್ಲ. ನಾನು ಬಾಟಲಿ ಹಿಡಿದರೆ, ತಪಸ್ಸುಕಾಲ ಹತ್ತಿರ ಬಂತು ಕಣೇ, ಯೇಸುಸ್ವಾಮಿ ನಲವತ್ತು ದಿನ ಉಪವಾಸ ಇದ್ದರು, ನಾನು ಸಂಜೆವರೆಗೆ ಇರಲಾರೆನಾ ಅನ್ನುವಳು. ಅವಳ ಪಕ್ಕ ಕೂರುವ ಕನ್ನಿಯಮ್ಮಾಳ್, ತಲೆಮಾರುಗಳಿಂದ ಇಲ್ಲೇ ಇರುವ ಕನ್ನಡದ ಮನೆಯವರು, ಅವರದೂ ಅದೇ ವ್ರತ. ನಮ್ಮ ವಯಸ್ಸಿಗೆ ತಣ್ಣಿ ಕುಡಿಯೋದೂ ಒಂದು ತಿಮಿರು, ಕೊಬ್ಬು ಕಣಮ್ಮಿ ಅಂತ ನಗುವರು.

ಆಗ ಈ ದಾಸಿಗೆ ಜ್ಞಾನೋದಯವಾಯಿತು. ಬಡಗಿ ಮಯಿಲ್‌ಸಾಮಿಯ ಕೈಲಿ ಅದೇ ಅಳತೆಯ ಇನ್ನೊಂದು ಹಲಗೆ ಮಾಡಿಸಿದೆ. ಅದೇ ಹಳದಿ ಬಳಿದು, ಮೂಲೆ ಸವೆದಂತೆ ಉಜ್ಜಿ, ಬೆವರಿನ ಕಲೆಗೆ ಡಿಕಾಕ್ಷನ್ ಹಚ್ಚಿದೆ. ಮೂಲವಿಗ್ರಹ ಮೊಳೆಯಲ್ಲಿ, ಉತ್ಸವಮೂರ್ತಿ ಬನಿಯನ್ ರಾಶಿಯಡಿ. ವಯಸ್ಸಾದವರು ಅದನ್ನು ಹಾಕಿಕೊಂಡು ಹಿಂದಿನ ಬಾಗಿಲಿಂದ ಹೋಗಿಬರುವರು. ಯಾರಾದರೂ ಕಂಡರೂ ಕೊರಳಲ್ಲಿ ಹಲಗೆ ಇದೆಯಲ್ಲ! ಮೂರು ವಾರ ಅಮ್ಮ ನೀರು ಕುಡಿದಳು ಅಣ್ಣ. ಸೊಂಟನೋವು ಅನ್ನೋ ಮಾತೇ ನಿಂತುಹೋಗಿತ್ತು.

ಮೊನ್ನೆ ಮಂಗಳವಾರ ನಲ್ಲಿ ಸೋರುತ್ತಿದೆ ಅಂತ ಸೆಂದಿಲ್ ಕುಮಾರ್ ತಾವೇ ಕಕ್ಕಸಿನ ಓಣಿಗೆ ಬಂದರು. ಎದುರಿಗೆ ಎರಡು ಹಲಗೆ. ಒಂದು ಹೊಸ ಹುಡುಗಿಯ ಕೊರಳಲ್ಲಿ, ಇನ್ನೊಂದು ಕನ್ನಿಯಮ್ಮಾಳ್ ಕೊರಳಲ್ಲಿ. ಎರಡನ್ನೂ ಕಿತ್ತು ತಂದು ಮೇಜಿನ ಮೇಲಿಟ್ಟು, ಇದು ಯಾರ ಕೆಲಸ ಅಂತ ಕೇಳಿದರು. ಹೇಳದಿದ್ದರೆ ಇವರಿಬ್ಬರೂ ಈಗಲೇ ಹೊರಗೆ ಅಂದರು. ಕನ್ನಿಯಮ್ಮಾಳ್ ಗಂಡ ಹಾಸಿಗೆ ಹಿಡಿದು ವರ್ಷವಾಯಿತು, ಅವರ ಕೆಲಸವೇ ಆ ಮನೆಗೆ ಆಧಾರ. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಏಳಬೇಕು ಅಂತ ಮೇಜು ಹಿಡಿದೆ. ಅಮ್ಮ ನನ್ನ ಭುಜ ಒತ್ತಿ ಕೂರಿಸಿ ತಾನು ಎದ್ದಳು. ಮಾಡಿಸಿದ್ದು ನಾನು, ನನಗೆ ಐವತ್ತೆಂಟು, ತಡೆದುಕೊಳ್ಳೋಕಾಗಲ್ಲ ಅಂದಳು.

ಸೆಂದಿಲ್ ಕುಮಾರ್ ಬೈಯಲಿಲ್ಲ. ಅಲ್ಲಿವರೆಗೆ ಅಕ್ಕಾ ಅಕ್ಕಾ ಅನ್ನುತ್ತಿದ್ದವರು, ಪಾಟ್ಟಿ, ನೀವು ಮನೆಗೆ ಹೋಗಿ ಅಂದರು, ಬಲು ಮರ್ಯಾದೆಯಿಂದ. ಒಂದೇ ಗಳಿಗೆಯಲ್ಲಿ ಅಕ್ಕ ಅಜ್ಜಿಯಾಗಿಬಿಟ್ಟಳು. ಅಷ್ಟು ಹೆಂಗಸರಲ್ಲಿ ಒಬ್ಬಳೂ ಬನಿಯನ್ನಿನಿಂದ ತಲೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಸಂಜೆ ಮನೆಗೆ ಬಂದರೆ ಅಮ್ಮ, ಅವನ ತಲೆಯೇ ಬೋಳಾಗಿದೆ, ನಾನು ಪಾಟ್ಟಿಯಂತೆ ಅಂದಳು, ಅಷ್ಟೆ.

ಈಗ ಅಮ್ಮ ಆರಾಮ. ಚೆನ್ನಾಗಿ ನಿದ್ದೆ ಮಾಡುತ್ತಾಳೆ, ಬೇಕಾದಷ್ಟು ನೀರು ಕುಡಿಯುತ್ತಾಳೆ. ಯೋಚನೆಗೆ ಕಾರಣವಿಲ್ಲ. ನೀನು ರಜೆ ಹಾಕಿ ಓಡಿ ಬರಬಾರದಂತೆ, ಹೊತ್ತಿಗೆ ಸರಿಯಾಗಿ ಊಟ ಮಾಡಬೇಕಂತೆ, ಭಾನುವಾರದ ಪೂಜೆ ತಪ್ಪಿಸಬಾರದಂತೆ.

ನಿನ್ನ ಆಜ್ಞಾಧಾರಕಳೂ ಸದ್ಗುಣಸಂಪನ್ನೆಯೂ ಆದ ತಂಗಿ,
ಜಾಸ್ಮಿನ್

ತಾ.ಕ.: ಕೊನೆಯ ಪ್ಯಾರಾ ಅಮ್ಮ ಹೇಳಿ ಬರೆಸಿದ್ದು. ಇದನ್ನು ಮಾತ್ರ ಪೋಸ್ಟಾಫೀಸಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ನಿನ್ನೆ ಮತ್ತೆ ಚಳಿ ಬಂದು ನಡುಗಿದಳು. ಭಾನುವಾರ ಪೂಜೆ ಬಿಟ್ಟು ಬಾ ಅಣ್ಣ. ನಾನು ಹೇಳಿದರೆ ಕೇಳುತ್ತಿಲ್ಲ. ಪಲ್ಲಡಂ ರಸ್ತೆಯ ಇನ್ನೊಂದು ಕಂಪನಿಯಲ್ಲಿ ನಲವತ್ತೈದು ಅಂತ ಹೇಳಿ ಕೆಲಸ ಹಿಡಿದಿದ್ದಾಳೆ, ಸೋಮವಾರ ಸೇರಬೇಕು. ನಿನ್ನೆಯಿಂದ ಬೆಳಿಗ್ಗೆ ಎದ್ದರೆ ಕತ್ತಲಾಗುವವರೆಗೆ ಒಂದು ಗುಟುಕೂ ಕುಡಿಯುತ್ತಿಲ್ಲ. ಮೂರು ವಾರದಲ್ಲಿ ಅಭ್ಯಾಸ ತಪ್ಪಿಹೋಗಿದೆಯಂತೆ, ಸೋಮವಾರದೊಳಗೆ ಮತ್ತೆ ರೂಢಿ ಮಾಡಿಕೊಳ್ಳಬೇಕಂತೆ.