ಮುಕ್ತಾ ಉಡಿಯಲ್ಲಿ ಕಟ್ಟಿಕೊಂಡ ರೊಟ್ಟಿ

ಗುಳೇದಗುಡ್ಡ, ಕ್ರಿ.ಶ. 2187, ಫೆಬ್ರವರಿ 30

ಮಕ್ಕಳ ಊಟದ ಕಾಯಿದೆಯನ್ನು ಇನ್ನೂ ಬರೆಯದಿರುವ, ನಮಗಿಂತ ಹಿಂದಿನ ಕಾಲದ ಹಿರಿಯರಿಗೆ ಶಾಕಾಂಬರಿಯ ಶರಣು.

ತಾರೀಖು ನೋಡಿ ನಗಬೇಡಿ, ತಿಂಗಳುಗಳನ್ನೆಲ್ಲ ನಾವು ಸಮ ಮಾಡಿಕೊಂಡು ಬಹಳ ವರ್ಷವಾಯಿತು. ನನ್ನ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು, ಮನ್ನಿಸಿ. ತಿದ್ದಿ ಬರೆಯಲು ಪುರುಸೊತ್ತಿಲ್ಲ. ಹತ್ತು ಗಂಟೆಗೆ ಓಣಿಕಟ್ಟೆಯಲ್ಲಿ ವಿಚಾರಣೆ, ಈಗ ಒಂಬತ್ತೂಕಾಲು.

ಓಣಿಕಟ್ಟೆ ಎಂದರೆ ಬೀದಿಯ ಮಕ್ಕಳ ಬೇಕುಬೇಡ ನೋಡುವ ಸಭೆ. ನೀವು ಮುಂದೆ ಬರೆಯಲಿರುವ ಕಾಯಿದೆಯ ಪ್ರಕಾರ ಇಲ್ಲಿ ಪ್ರತಿ ಮಗುವಿಗೂ ಹೆತ್ತ ಮನೆಯಲ್ಲದೆ ಆರು ‘ಉಣ್ಣುವ ಮನೆ’ಗಳಿವೆ. ದಿನಕ್ಕೊಂದು ಮನೆಯಲ್ಲಿ ಮಧ್ಯಾಹ್ನದ ಊಟ, ಭಾನುವಾರ ಮಾತ್ರ ಹೆತ್ತ ಮನೆಯಲ್ಲಿ. ಊಟ ಒಂದು ನೆಪ. ಮೈಮೇಲೆ ಗಾಯವಿದೆಯೇ, ಮುಖ ಬಾಡಿದೆಯೇ ಎಂದು ಬಡಿಸುವವರು ನೋಡಬೇಕು, ಮಗು ಹೊರಡುವಾಗ ಅದರ ಕ್ಷೇಮಪಟ್ಟಿಗೆ ಹೆಬ್ಬೆರಳು ಒತ್ತಬೇಕು. ಆದರೆ ಹೆತ್ತ ಮನೆಯ ಹೊಸ್ತಿಲನ್ನು ನಾವು ದಾಟುವುದಿಲ್ಲ. ದಾಟಿದರೆ ತಾಯಿಯ ಮೇಲೆ ಗುಮಾನಿಪಟ್ಟ ಹಾಗೆ ಎಂಬ ಮರ್ಯಾದೆ ಅದ್ಹೇಗೋ ಬೆಳೆದುಬಂದಿದೆ. ಹಾಳು ಮರ್ಯಾದೆ!

ಗುರುವಾರ ನನ್ನ ಪಾಳಿ. ಬರುವವಳು ಆರು ವರ್ಷದ ಮುಕ್ತಾ, ಎದುರು ಸಾಲಿನ ದಾನಮ್ಮನ ಮಗಳು. ದಾನಮ್ಮನ ಗಂಡ ತೀರಿಕೊಂಡು ಎಂಟು ತಿಂಗಳು. ನಾಲ್ಕು ಗುರುವಾರ ಈ ಹುಡುಗಿ ಅರ್ಧ ರೊಟ್ಟಿ ತಿಂದು, ಉಳಿದದ್ದನ್ನು ಉಡಿಯಲ್ಲಿ ಕಟ್ಟಿಕೊಂಡಳು. “ಏ ಕಳ್ಳಿ, ಯಾವ ನಾಯಿಮರಿಗೆ ಒಯ್ತಿ?” ಎಂದು ನಕ್ಕೆ. “ಕರೀ ನಾಯಿಗೆ, ಆಯಿ” ಅಂದಳು. ನಾನು ಹೆಬ್ಬೆರಳು ಒತ್ತಿದೆ. ಉಳಿದ ಐದು ಮನೆಯವರೂ ಒತ್ತಿದರು.

ಮೊನ್ನೆ ಭಾನುವಾರ ನಲ್ಲಿಯ ಹತ್ತಿರ ಮುಕ್ತಾ ತಲೆಸುತ್ತಿ ಬಿದ್ದಳು. ಎತ್ತಿಕೊಂಡು ಅವರ ಮನೆಯೊಳಗೆ ಹೋದರೆ ಒಲೆ ತಣ್ಣಗಿತ್ತು. ದಾನಮ್ಮ ಹಾಸಿಗೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ದುಃಖದಲ್ಲಿ ಅವಳಿಗೆ ಏಳುವ ಶಕ್ತಿಯೇ ಇರಲಿಲ್ಲ. ದಿಂಬಿನ ಪಕ್ಕದಲ್ಲಿ ನನ್ನ ಕೈಯ ರೊಟ್ಟಿಯ ತುಣುಕು. ನಾಯಿಯೂ ಇಲ್ಲ, ಮರಿಯೂ ಇಲ್ಲ. ಆರು ಮನೆಯವರು ಮಗುವನ್ನು ಸಾಕುತ್ತಿದ್ದೆವು, ಮಗು ತಾಯಿಯನ್ನು ಸಾಕುತ್ತಿತ್ತು. ನನ್ನ ಕಣ್ಣಿಗೇನು ಮಣ್ಣು ಬಿದ್ದಿತ್ತೇ?

ಈಗ ಓಣಿಕಟ್ಟೆಯ ಮೇಲಧಿಕಾರಿಗಳ ವಾದ ಹೀಗಿದೆ: ಆರು ಮನೆಯ ಪಟ್ಟಿಯಲ್ಲೂ ಕ್ಷೇಮ ಎಂದೇ ಇದೆ, ಆದ್ದರಿಂದ ತಪ್ಪು ಹೆತ್ತ ಮನೆಯದು, ಮುಕ್ತಾಳನ್ನು ಬೇರೆ ಊರಿನ ಮಕ್ಕಳ ನಿಲಯಕ್ಕೆ ಕಳಿಸಬೇಕು. ಉಣ್ಣುವ ಮನೆಯೊಂದು ತಪ್ಪು ತನ್ನದೂ ಹೌದೆಂದರೆ ಮಗು ತಾಯಿಯ ಬಳಿಯೇ ಉಳಿಯುತ್ತದೆ. ಆದರೆ ಕಂಡೂ ಸುಮ್ಮನಿದ್ದೆವೆಂದು ಒಪ್ಪಿಕೊಂಡ ಮನೆಗೆ ಜೀವಮಾನವಿಡೀ ಯಾವ ಮಗುವೂ ಉಣ್ಣಲು ಬರುವಂತಿಲ್ಲ. ಹಾಗಾಗಿ ಐದು ಮನೆಯವರು ನಮಗೇನೂ ಕಾಣಲಿಲ್ಲ ಎನ್ನಲಿದ್ದಾರೆ. ನಾನು ಒಂಟಿ ಮುದುಕಿ. ವಾರದಲ್ಲಿ ನನ್ನ ಮನೆಯೊಳಗೆ ಮಾತು ಕೇಳಿಸುವುದು ಅದೊಂದು ಮಧ್ಯಾಹ್ನ ಮಾತ್ರ. ಸುಳ್ಳೇಕೆ, ನನಗೆ ಭಯವಾಗಿದೆ.

ಬೆಳಿಗ್ಗೆ ದಾನಮ್ಮ ನನ್ನ ಕೈ ಬಿಡದೆ ಕೇಳಿದಳು: “ನನ್ನ ಕೂಸನ್ನ ಒಯ್ತಾರೇನು, ಆಯಿ?”

ಹಿರಿಯರೇ, ನಿಮ್ಮ ಕಾಯಿದೆಯಲ್ಲಿ ಮಗು ಉಂಡಿತೇ ಎಂದು ಕೇಳತಕ್ಕದ್ದು ಎಂದು ಬರೆಯುತ್ತೀರಿ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಅದನ್ನು ಸಾಕುವವರು ಉಂಡರೇ ಎಂದೂ ಕೇಳತಕ್ಕದ್ದು. ಕೇಳಲು ಒಳಗೆ ಹೋಗತಕ್ಕದ್ದು. ನಿಮ್ಮ ಕಾಲಿಗೆ ಬೀಳುತ್ತೇನೆ, ಮರೆಯಬೇಡಿ.

ಕಟ್ಟೆಯಿಂದ ಕರೆ ಬಂತು. ಕಂಡಿದ್ದೆ ಎಂದು ಹೇಳಿಬಿಡುತ್ತೇನೆ. ಮುಕ್ತಾ ಇನ್ನು ನನ್ನ ಮನೆಗೆ ಬರುವಂತಿರುವುದಿಲ್ಲ. ಆದರೆ ದಾನಮ್ಮನ ಮನೆಗೆ ಹೋಗಿ ನಾನು ಒಲೆ ಹಚ್ಚಬಾರದೆಂದು ಯಾವ ಕಾಯಿದೆಯಲ್ಲೂ ಬರೆದಿಲ್ಲ.